ಕಾರು ಮಾಡಿದ್ದು ಮೂರ್ನಾಲ್ಕು ವರ್ಷ, ಬಸ್ಸು ಹತ್ತಿಪ್ಪತ್ತು ವರ್ಷ: ಪ್ಯಾಟರ್ಸನ್ ಕಂಪನಿ ಕಥೆ

ಹಳೇ ಅಮೆರಿಕನ್ ಕಾರು ಅಂದ್ರೆ ಎಲ್ರಿಗೂ ಫೋರ್ಡೇ ನೆನಪಾಗೋದು, ಆದ್ರೆ ಆಗ ಅಲ್ಲಿ ಸಣ್ಣಪುಟ್ಟ ಊರಲ್ಲೂ ಕಾರು ಕಂಪನಿ ಇರ್ತಿತ್ತು, ಅದ್ರಲ್ಲಿ ಸುಮಾರು ಜನ ಕುದುರೆಗಾಡಿ ಮಾಡ್ತಿದ್ದೋರು. ಒಹಾಯೊ ರಾಜ್ಯದ ಗ್ರೀನ್‌ಫೀಲ್ಡ್ ಅನ್ನೋ ಊರಿನ ಸಿ.ಆರ್. ಪ್ಯಾಟರ್ಸನ್ ಅಂಡ್ ಸನ್ಸ್ ಅಂಥದ್ದೇ ಒಂದು. ಅಮೆರಿಕದಲ್ಲಿ ಕಪ್ಪು ಜನರ ಒಡೆತನದ ಮೊದಲ ಕಾರು ಕಂಪನಿ ಇದೇ, ಅದಕ್ಕೇ ಇದರ ಬಗ್ಗೆ ಬರೆಯೋರೆಲ್ಲ ಕಾರಿನ ಕಥೆ ಹೇಳಿ ಮುಗಿಸಿಬಿಡ್ತಾರೆ. ನನಗೆ ಕಾರಿಗಿಂತ ಅದರ ಹಿಂದುಮುಂದಿನದ್ದೇ ಹೆಚ್ಚು ಇಂಟರೆಸ್ಟಿಂಗ್ ಅನ್ಸುತ್ತೆ.

ಚಾರ್ಲ್ಸ್ ರಿಚರ್ಡ್ ಪ್ಯಾಟರ್ಸನ್ ಹುಟ್ಟಿದ್ದು ವರ್ಜೀನಿಯಾದಲ್ಲಿ, ಗುಲಾಮರಾಗಿ. ಗ್ರೀನ್‌ಫೀಲ್ಡಿಗೆ ಬಂದು ಕಮ್ಮಾರಿಕೆ ಕಲಿತ್ರು, 1873ರಲ್ಲಿ ಜೆ.ಪಿ. ಲೋ ಅನ್ನೋ ಬಿಳಿಯರ ಜೊತೆ ಪಾರ್ಟ್‌ನರ್ ಆಗಿ ಗಾಡಿ ವ್ಯಾಪಾರ ಶುರು ಮಾಡಿದ್ರು, 1893ರಲ್ಲಿ ಅವರ ಪಾಲನ್ನೂ ಕೊಂಡ್ಕೊಂಡ್ರು. ಬಗ್ಗಿ (ಕುದುರೆ ಎಳೆಯೋ ಹಗುರ ಗಾಡಿ) ಅಂದ್ರೆ ಸುಮ್ನೆ ಅಲ್ಲ, ಒಂದೇ ಶೆಡ್ಡಲ್ಲಿ ಬಡಗಿ ಕೆಲಸ, ಕುಲುಮೆ, ಸೀಟಿಗೆ ಚರ್ಮ ಹೊಲಿಯೋದು, ಪೇಂಟು ಎಲ್ಲಾ ಬೇಕು, ಚಕ್ರಕ್ಕೆ ಕಬ್ಬಿಣದ ಪಟ್ಟಿ ಕೆಂಪಗೆ ಕಾಯಿಸಿ ತೊಡಿಸಿ, ಅದು ತಣ್ಣಗಾಗ್ತಾ ಮರವನ್ನ ಬಿಗಿಯಾಗಿ ಕಚ್ಕೊಬೇಕು, ಆಮೇಲೆ ಕೋಟ್ ಮೇಲೆ ಕೋಟ್ ವಾರ್ನಿಷ್. ಇವರ ಬಗ್ಗಿಗಳಿಗೆ ಒಳ್ಳೇ ಹೆಸರಿತ್ತು, ಹಳ್ಳಿಹಳ್ಳಿ ಸುತ್ತೋ ಡಾಕ್ಟರುಗಳಿಗೆ ಅಂತಲೇ ಒಂದು ಮಾಡೆಲ್ ಇತ್ತು.

ಮಗ ಫ್ರೆಡೆರಿಕ್‌ನ ಊರಿನ ಹೈಸ್ಕೂಲಿಗೆ ಸೇರಿಸ್ಕೊಳ್ಳಲ್ಲ ಅಂದಾಗ ಅಪ್ಪ ಸ್ಕೂಲ್ ಬೋರ್ಡ್ ಮೇಲೆ ಕೇಸ್ ಹಾಕಿ ಗೆದ್ರು (ಇದನ್ನ ನೆನಪಿಟ್ಕೊಳ್ಳಿ). ಆ ಹುಡುಗ ಮುಂದೆ ಒಹಾಯೊ ಸ್ಟೇಟ್ ಯೂನಿವರ್ಸಿಟಿ ಫುಟ್‌ಬಾಲ್ ಟೀಮಲ್ಲಿ ಆಡಿದ ಮೊದಲ ಕಪ್ಪು ಆಟಗಾರ.

1910ರಲ್ಲಿ ಅಪ್ಪ ತೀರ್ಕೊಂಡ್ರು, ಕಂಪನಿ ಫ್ರೆಡೆರಿಕ್ ಕೈಗೆ ಬಂತು. ರೋಡಲ್ಲಿ ಕಾರು ಜಾಸ್ತಿ ಆಗ್ತಿರೋದು ಕಾಣ್ತಿತ್ತು, ಹಂಗಂತ ಏಕಾಏಕಿ ಕಾರು ಮಾಡೋಕೆ ಹೋಗ್ಲಿಲ್ಲ, ಮೊದಲು ಬೇರೆಯವರ ಕಾರುಗಳ ಪೇಂಟು, ಸೀಟು ರಿಪೇರಿ, ಆಮೇಲೆ ಇಂಜಿನ್, ಎಲೆಕ್ಟ್ರಿಕಲ್ ಕೆಲಸ, ಹಿಂಗೆ ಕೈ ಪಳಗಿಸ್ಕೊಂಡು 1915ರ ಸೆಪ್ಟೆಂಬರ್‌ನಲ್ಲಿ ಸ್ವಂತ ಕಾರು ಹೊರಗೆ ತಂದ್ರು. ಹೆಸರು ಪ್ಯಾಟರ್ಸನ್-ಗ್ರೀನ್‌ಫೀಲ್ಡ್, ಕಾಂಟಿನೆಂಟಲ್ ಕಂಪನಿಯ ನಾಲ್ಕು ಸಿಲಿಂಡರಿನ ಇಂಜಿನ್, ಎಲೆಕ್ಟ್ರಿಕ್ ಸ್ಟಾರ್ಟರ್. ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡ್ಬೇಕಾಗಿದ್ದ ಫೋರ್ಡಿನ ಮಾಡೆಲ್ ಟಿ ಪಕ್ಕ ಇದು ಗತ್ತಿನ ಗಾಡಿನೇ.

ಆದ್ರೆ ಲೆಕ್ಕ ಕೂಡ್ಬೇಕಲ್ಲ. ಫೋರ್ಡ್ 1913ರಿಂದ ಮೂವಿಂಗ್ ಅಸೆಂಬ್ಲಿ ಲೈನಲ್ಲಿ (ಗಾಡಿ ಮುಂದೆ ಸಾಗ್ತಾ ಇರುತ್ತೆ, ಒಬ್ಬೊಬ್ರು ಒಂದೊಂದು ಭಾಗ ಜೋಡಿಸ್ತಾರೆ) ಲಕ್ಷಗಟ್ಟಲೆ ಕಾರು ಇಳಿಸ್ತಾ ಇದ್ರು, ಬೆಲೆ 500 ಡಾಲರ್ ಒಳಗೆ. ಇವರದು ಒಂದೊಂದಾಗಿ ಕೈಯಲ್ಲಿ ಕಟ್ಟಿದ ಕಾರು, ಬೆಲೆ ಅದಕ್ಕಿಂತ ನೂರಾರು ಡಾಲರ್ ಜಾಸ್ತಿ. ಒಟ್ಟು ಮಾಡಿದ್ದು ಹೆಚ್ಚಂದ್ರೆ 150, ಆಮೇಲೆ ಕಾರು ಕೈಬಿಟ್ರು.

ಇಲ್ಲಿಗೇ "ಸೋತ ಕಂಪನಿ" ಅಂತ ಬರೆದು ಮುಗಿಸೋದು ತಪ್ಪು. ಇಂಜಿನ್ನು, ಚಾಸಿ (ಚಕ್ರ ಕೂತಿರೋ ಕೆಳಗಿನ ಚೌಕಟ್ಟು) ಫೋರ್ಡು, ಜನರಲ್ ಮೋಟಾರ್ಸೇ ಅಗ್ಗಕ್ಕೆ ಮಾಡ್ಲಿ, ಮೇಲಿನದ್ದು ನಮಗೆ ಬಿಡಿ ಅನ್ನೋ ಹಂಗೆ ಲಾರಿ, ಬಸ್ಸಿಗೆ ಬಾಡಿ ಕಟ್ಟೋಕೆ ಶುರು ಮಾಡಿದ್ರು. ನಮ್ಮಲ್ಲಿ ಖಾಲಿ ಚಾಸಿ ತಗೊಂಡೋಗಿ ಬಾಡಿ ಕಟ್ಟಿಸ್ತಾರಲ್ಲ, ಅದೇ ಕೆಲಸ. ಮರದ ಫ್ರೇಮು, ಸೀಟು, ಪೇಂಟು, ಅಂದ್ರೆ ಬಗ್ಗಿ ಕಾಲದಿಂದ ಬಂದ ವಿದ್ಯೆನೇ! 1920ರ ಸುಮಾರಿಗೆ ಹೆಸರೂ ಗ್ರೀನ್‌ಫೀಲ್ಡ್ ಬಸ್ ಬಾಡಿ ಕಂಪನಿ ಅಂತಾಯ್ತು, ಆಗ ಶಾಲೆಗಳು ಕುದುರೆಗಾಡಿ ಬಿಟ್ಟು ಬಸ್ಸಿಗೆ ಹೊರಳ್ತಿದ್ದ ಕಾಲ, ಸ್ಕೂಲ್ ಬಸ್ ಆರ್ಡರುಗಳು ಚೆನ್ನಾಗಿ ಬಂದ್ವು. ಸ್ಕೂಲ್ ಬೋರ್ಡ್ ಜೊತೆ ಕೋರ್ಟಲ್ಲಿ ಗುದ್ದಾಡಿ ಓದಿದ ಹುಡುಗ ಸ್ಕೂಲ್ ಬೋರ್ಡುಗಳಿಗೇ ಬಸ್ಸು ಮಾರಿದ್ದು ನೋಡಿ.

1929ರ ಆರ್ಥಿಕ ಕುಸಿತ ಬಂದ್ಮೇಲೆ ಆರ್ಡರ್ ಬಿತ್ತು, 1932ರಲ್ಲಿ ಫ್ರೆಡೆರಿಕ್ ತೀರ್ಕೊಂಡ್ರು. ಅದೇ ಹೊತ್ತಿಗೆ ಬಸ್ ಬಾಡಿ ಮರದಿಂದ ಪೂರ್ತಿ ಸ್ಟೀಲಿಗೆ ಹೋಗ್ತಿತ್ತು, ಅದಕ್ಕೆ ತಗಡು ಒತ್ತೋ ದೊಡ್ಡ ಪ್ರೆಸ್ಸು, ದೊಡ್ಡ ದುಡ್ಡು ಬೇಕು, ಬಡಗಿ ಕೈಚಳಕಕ್ಕೆ ಅಲ್ಲಿ ಕೆಲಸ ಕಮ್ಮಿ. 1938ರ ಹೊತ್ತಿಗೆ ಗ್ಯಾಲಿಪೊಲಿಸ್ ಅನ್ನೋ ಊರಿಗೆ ಹೋಗಿ ಹೆಸರು ಬದಲಾಯಿಸಿ ನೋಡಿದ್ರು, 1939ರಲ್ಲಿ ಬಾಗಿಲು ಹಾಕಿದ್ರು.

2021ರಲ್ಲಿ ಅಪ್ಪ-ಮಗ ಇಬ್ಬರನ್ನೂ ವಾಹನ ಉದ್ಯಮದ ಸಾಧಕರನ್ನ ಗೌರವಿಸೋ ಆಟೊಮೋಟಿವ್ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ರು. ಪ್ಯಾಟರ್ಸನ್-ಗ್ರೀನ್‌ಫೀಲ್ಡ್ ಕಾರು ಉಳಿದಿರೋದು ಇವತ್ತಿನವರೆಗೂ ಒಂದೂ ಸಿಕ್ಕಿಲ್ಲ, ಬಗ್ಗಿಗಳು ಮಾತ್ರ ಒಂದಷ್ಟು ಇನ್ನೂ ಇವೆ.