ಮ್ಯಾಗ್ನೆಟ್ ಹಿಡಿದು ಹಳೇ ಕಾರು ನೋಡುವವರಿಗೆ

ಜಾಗ್ವಾರ್ ಇ-ಟೈಪೋ, ಮರ್ಸಿಡಿಸ್ 230 ಎಸ್‌ಎಲ್ಲೋ ಎಂದು ತೂಗಿ ನೋಡುವವರು ಮೊದಲು ಕೇಳುವುದು ಒಂದೇ: ‘ಯಾವುದು ಜೋರು?’ ಇಂಗ್ಲೆಂಡಿನದೇ ಜೋರು. 1961ರಲ್ಲಿ ಜಿನೀವಾ ಪ್ರದರ್ಶನಕ್ಕೆ ಬಂದ ಇ-ಟೈಪ್‌ನದು 3.8 ಲೀಟರ್ ಎಂಜಿನ್, ಕಂಪನಿ ಲೆಕ್ಕದಲ್ಲಿ 265 ಅಶ್ವಶಕ್ತಿ. 1963ರಲ್ಲಿ ಅದೇ ಜಿನೀವಾಗೆ ಬಂದ ಜರ್ಮನ್ ಕಾರಿನದು 2.3 ಲೀಟರ್, 150. ಆಯಿತಲ್ಲ? ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು, ಎರಡಕ್ಕೂ ಬಿಡಿಭಾಗ ಸಿಗುತ್ತವೆ. ದುಡ್ಡು ನುಂಗುವುದು ತುಕ್ಕು ಹಿಡಿದ ತಗಡು.

ಇನ್ನು ಮ್ಯಾಗ್ನೆಟ್ ತರುವವರು. ಮರ್ಸಿಡಿಸ್ ಬಾಗಿಲಿಗೆ ಅದು ಅಂಟದಿದ್ದರೆ ‘ಉಕ್ಕು ತಿಂದುಹೋದ ಕಡೆ ಪುಟ್ಟಿ ತುಂಬಿದ್ದಾರೆ’ ಎಂದು ಮುಖ ಸಿಂಡರಿಸುತ್ತಾರೆ. ಸ್ವಾಮಿ, ಆ ಕಾರಿನ ಬಾಗಿಲು, ಬಾನೆಟ್, ಡಿಕ್ಕಿ ಮುಚ್ಚಳ ಅಲ್ಯೂಮಿನಿಯಂ. ಅಲ್ಲಿ ಅಂಟಿದರೇ ಅನುಮಾನ. ಬಾನೆಟ್ ಎತ್ತಿ ಮುಂದಿನ ಫೆಂಡರಿನ, ಅಂದರೆ ಚಕ್ರದ ಮೇಲಿನ ತಗಡಿನ, ಒಳಮಡಿಕೆ ನೋಡಿ: ಕಾರ್ಖಾನೆಯ ಸ್ಪಾಟ್ ವೆಲ್ಡಿನ (ಚುಕ್ಕಿ ಚುಕ್ಕಿಯಾಗಿ ಹಾಕಿದ ಬೆಸುಗೆಯ) ಗುಳಿಗಳು ಸಾಲಾಗಿ ಕಾಣಬೇಕು. ನುಣ್ಣಗಿದ್ದರೆ ಫೆಂಡರ್ ಬದಲಾಗಿರುವ ಸಾಧ್ಯತೆ ಹೆಚ್ಚು. ಅದೇ ದೊಡ್ಡ ತಪ್ಪಲ್ಲ, ಆದರೆ ಯಾಕೆ ಬದಲಾಯಿತು ಎಂದು ಕೇಳಿ.

ಇ-ಟೈಪ್‌ನಲ್ಲಿ ಕಣ್ಣಿಡಬೇಕಾದ ಜಾಗ ಬೇರೆ. ಬಾಗಿಲಿನಿಂದ ಹಿಂದಕ್ಕೆ ತಗಡಿನ ಪೆಟ್ಟಿಗೆಯಂಥ ಮೈ. ಎಂಜಿನ್ ಕೂರುವುದು ಅದರ ಮುಂದೆ ಬೋಲ್ಟ್ ಹಾಕಿದ ಸಣ್ಣ ಉಕ್ಕಿನ ಕೊಳವೆಗಳ ಚೌಕಟ್ಟಿನಲ್ಲಿ. ಕೊಳವೆಗಳಿಗೆ ಹಿತ್ತಾಳೆ ಬೆಸುಗೆ. ಒಳಗೆ ಸೇರಿದ ತೇವ ಹೊರಬರುವುದಿಲ್ಲ, ಹೊರಗೆ ಬಣ್ಣ ಹೊಳೆಯುತ್ತಿದ್ದರೂ ಒಳಗಿಂದ ತಿಂದುಹೋಗಿರುತ್ತದೆ. ಬ್ಯಾಟರಿ ಕೆಳಗಿನ ಕೊಳವೆಯನ್ನಂತೂ ಬಿಡಬೇಡಿ, ಆಸಿಡ್ ತೊಟ್ಟಿಕ್ಕಿರುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಕೊಳವೆ ಠಣ್ ಎನ್ನುತ್ತದೆ, ಸತ್ತದ್ದು ಮಂಕಾಗಿ ಡಬ್ ಎನ್ನುತ್ತದೆ. ಬಿರುಕಿಗೆ ಯಾರಾದರೂ ಆರ್ಕ್ ವೆಲ್ಡಿಂಗ್ ಮಾಡಿದ್ದರೆ ಆ ಶಾಖಕ್ಕೆ ಪಕ್ಕದ ಜಾಗ ದುರ್ಬಲವಾಗಿ, ಮುಂದಿನ ಬಿರುಕು ಬಹುಮಟ್ಟಿಗೆ ಅಲ್ಲೇ ಬರುತ್ತದೆ. ಚೌಕಟ್ಟು ಬದಲಿಸಬೇಕೆಂದರೆ ಎಂಜಿನ್ ಇಳಿಸಲೇಬೇಕು. ಇನ್ನೊಂದು ಮಾತು: ಈ ಚೌಕಟ್ಟಿಗೆ ಜ್ಯಾಕ್ ಕೊಡಬೇಡಿ. ಎಷ್ಟು ಸಲ ಹೇಳಿದರೂ ಕೊಡುತ್ತಾರೆ!

ಎರಡೂ ಕಾರಿಗೆ, ಅದರಲ್ಲೂ ತೆರೆದ ಮಾಡಿನವಕ್ಕೆ, ಒಂದು ಪರೀಕ್ಷೆ ಉಂಟು. ಸಮತಟ್ಟು ನೆಲದಲ್ಲಿ ನಿಲ್ಲಿಸಿ ಬಾಗಿಲಿನ ಹಿಂದಿನ ಸಂದನ್ನು ಮೇಲೆ, ಕೆಳಗೆ ಅಳೆಯಿರಿ. ಆಮೇಲೆ ಒಂದು ಬದಿಯನ್ನು ಕೈಪಿಡಿ ಹೇಳಿದ ಜಾಗದಲ್ಲೇ ಜ್ಯಾಕ್ ಕೊಟ್ಟು ಎತ್ತಿ, ಬಾಗಿಲು ತೆಗೆದು ಹಾಕಿ. ಬಾಗಿಲು ಹಿಡಿದುಕೊಂಡರೆ, ಸಂದಿನ ಅಳತೆ ಬದಲಾದರೆ, ಬಾಗಿಲ ಕೆಳಗೆ ಹೊಸ್ತಿಲಿನಂತೆ ಹೋಗುವ ಸಿಲ್ ಬಲ ಕಳೆದುಕೊಂಡಿರಬಹುದು. ಸಿಲ್ ಕೊಯ್ಯುವ ಮುನ್ನ ಬಾಗಿಲ ಬಾಯಿಗೆ ಅಡ್ಡ ಸರಳು ಬೆಸೆಯದ ಟಿಂಕರ್ ಕೈಗೆ ಕಾರು ಕೊಡಬೇಡಿ; ಮೈ ಕುಸಿದರೆ ಆಮೇಲೆ ಯಾವ ಬಾಗಿಲೂ ಕೂರುವುದಿಲ್ಲ.

ಎಲ್ಲಿಯ ಕಾರು ಕೊಳ್ಳಲಿ ಎಂದು ಅಮೆರಿಕದಲ್ಲಿರುವ ಕನ್ನಡಿಗರು ಕೇಳುತ್ತಾರಲ್ಲ, ಅವರಿಗೆ: ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಮಿಶಿಗನ್‌ನ ಹೊಳೆಯುವ ಕಾರಿಗಿಂತ ಕ್ಯಾಲಿಫೋರ್ನಿಯಾದ ಒಣಹವೆಯ, ಬಣ್ಣ ಮಾಸಿದ ಕಾರು ಸಾಮಾನ್ಯವಾಗಿ ವಾಸಿ.

ಮರ್ಸಿಡಿಸ್‌ನಲ್ಲಿ ಇನ್ನೊಂದು. ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಅದರ ಬಾಷ್ ಇಂಜೆಕ್ಷನ್ ಪಂಪಿಗೆ ಆರು ಪ್ಲಂಜರು, ಅಂದರೆ ಪೆಟ್ರೋಲ್ ತಳ್ಳುವ ದಂಡುಗಳು. ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲವೆಂದು ಪಂಪಿನ ಸ್ಕ್ರೂ ತಿರುಗಿಸುವ ಮುನ್ನ, ಪೆಡಲಿನಿಂದ ಥ್ರಾಟಲಿಗೂ (ಎಂಜಿನ್‌ಗೆ ಗಾಳಿ ಬಿಡುವ ಕವಾಟ) ಪಂಪಿಗೂ ಹೋಗುವ ಸರಳುಗಳ ಉದ್ದ, ಕೀಲುಗಳ ಸಡಿಲ ನೋಡಿ.