ಹವಾಮಾನ ಬದಲಾವಣೆ ಮತ್ತು ಆರೋಗ್ಯ: ಸೊಳ್ಳೆಯ ಆಯಸ್ಸು, ಕರಾವಳಿಯ ಶೆಕೆ, ಬಾವಿಯ ಉಪ್ಪು

ತಾಪಮಾನ ಏರಿತು, ಡೆಂಗಿ ಹೆಚ್ಚಿತು. ಮಳೆ ಜೋರಾಯಿತು, ಇಲಿಜ್ವರ ಬಂತು. ಈ ಅಧ್ಯಾಯವನ್ನು ಹೀಗೆ ಬಾಯಿಪಾಠ ಮಾಡಿಕೊಂಡವರಿಗೆ ಪರೀಕ್ಷೆಯಲ್ಲಿ ‘ಹೇಗೆ?’ ಎಂಬ ಪ್ರಶ್ನೆ ಬಂದರೆ ಪೆನ್ನು ನಿಂತುಬಿಡುತ್ತದೆ. ಬಿಸಿಲಿನಿಂದ ಯಾರಿಗೂ ಡೆಂಗಿ ಬರುವುದಿಲ್ಲ. ನಡುವೆ ಒಂದು ಕೊಂಡಿ ಇದೆ. ಬಿಸಿ ಆ ಕೊಂಡಿಯನ್ನು ಎಷ್ಟು ಎಳೆಯುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರೆ ಉತ್ತರ ಮುಗಿದಂತೆ. ಹಸಿರುಮನೆ ಅನಿಲಗಳ ಭಾಗ ಎಲ್ಲರಿಗೂ ಗೊತ್ತಿರುವುದೇ, ಬಿಟ್ಟಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ನಮ್ಮ ಉತ್ತರ ಕನ್ನಡ ಜಿಲ್ಲೆಯವು.

ಡೆಂಗಿ: ಸೊಳ್ಳೆ ಅಲ್ಲಿಯವರೆಗೆ ಬದುಕಬೇಕಲ್ಲ?

ಮೊದಲು ಎರಡು ಅವಧಿಗಳನ್ನು ಬೇರೆ ಮಾಡಿಕೊಳ್ಳಿ. ಸೊಳ್ಳೆ ಕಚ್ಚಿದ ಮೇಲೆ ಮನುಷ್ಯನಿಗೆ ಜ್ವರ ಬರಲು ಹಿಡಿಯುವುದು ಸಾಮಾನ್ಯವಾಗಿ 4ರಿಂದ 7 ದಿನ. ನಮ್ಮ ಮೈಯ ಬಿಸಿ ಕಾರವಾರದಲ್ಲೂ ಶಿರಸಿಯಲ್ಲೂ 37 ಡಿಗ್ರಿಯೇ ಆದ್ದರಿಂದ ಹೊರಗಿನ ಹವೆ ಏನೇ ಇದ್ದರೂ ಈ ಅವಧಿ ಬದಲಾಗದು. ಇನ್ನೊಂದು ಅವಧಿ ಸೊಳ್ಳೆಯೊಳಗಿನದು. ರೋಗಿಯ ರಕ್ತ ಹೀರಿದ ಈಡಿಸ್ ಸೊಳ್ಳೆ ಮರುಕ್ಷಣವೇ ರೋಗ ಹರಡಲಾರದು. ವೈರಸ್ ಅದರ ಕರುಳಿನ ಗೋಡೆ ದಾಟಬೇಕು, ಮೈಯೆಲ್ಲ ಹಬ್ಬಬೇಕು, ಕೊನೆಗೆ ಜೊಲ್ಲುಗ್ರಂಥಿಗೆ ಬಂದು ಸೇರಬೇಕು. ಇದೇ ಎಕ್ಸ್‌ಟ್ರಿನ್ಸಿಕ್ ಇನ್‌ಕ್ಯುಬೇಶನ್ ಅವಧಿ. ಸೊಳ್ಳೆಗೆ ತನ್ನದೇ ಮೈಬಿಸಿ ಇಲ್ಲ, ಸುತ್ತಲ ಗಾಳಿ ಎಷ್ಟೋ ಅದೂ ಅಷ್ಟೇ. ಹಾಗಾಗಿ ಹವಾಮಾನದ ಹಿಡಿತಕ್ಕೆ ಸಿಗುವುದು ಈ ಅವಧಿ ಮಾತ್ರ. ಸರಾಸರಿ ಲೆಕ್ಕದಲ್ಲಿ 25 ಡಿಗ್ರಿಯಲ್ಲಿ ಇದಕ್ಕೆ ಸುಮಾರು 15 ದಿನ, 30 ಡಿಗ್ರಿಯಲ್ಲಿ ಸುಮಾರು 6.5 ದಿನ.

ಎಲ್ಲರೂ ಎಡವುವ ಜಾಗ ಮುಂದಿನದು. ‘ಅವಧಿ ಅರ್ಧಕ್ಕಿಂತ ಕಡಿಮೆಯಾಯಿತು, ಹಾಗಾಗಿ ರೋಗ ಬೇಗ ಹರಡುತ್ತದೆ’ ಎಂದಷ್ಟೇ ಬರೆದು ನಿಲ್ಲಿಸಿದರೆ ಅರ್ಧ ಅಂಕ ಹೋಯಿತು. ಬೇಗ ಹರಡುವುದು ಸಣ್ಣ ವಿಷಯ. ಹರಡುವವರೆಗೆ ಎಷ್ಟು ಸೊಳ್ಳೆ ಜೀವಂತ ಉಳಿಯುತ್ತವೆ ಎಂಬುದು ದೊಡ್ಡದು. ಸೊಳ್ಳೆಗಳು ಮುದಿಯಾಗಿ ಸಾಯುವುದು ಅಪರೂಪ. ಹಲ್ಲಿ, ಜೇಡ, ನಮ್ಮ ಕೈಪೆಟ್ಟು ಎಂದು ದಿನವೂ ಒಂದಿಷ್ಟು ಸಾಯುತ್ತಲೇ ಇರುತ್ತವೆ. ದಿನಕ್ಕೆ ನೂರರಲ್ಲಿ 90 ಉಳಿಯುತ್ತವೆ ಎಂದಿಟ್ಟುಕೊಳ್ಳಿ. ಎರಡು ದಿನಕ್ಕೆ 0.9 × 0.9 = 0.81. 15 ದಿನಕ್ಕೆ 0.9 ಅನ್ನು ಹದಿನೈದು ಸಲ ಗುಣಿಸಬೇಕು: 0.21. 6.5 ದಿನಕ್ಕೆ 0.50. ಅಂದರೆ ರೋಗಿಯನ್ನು ಕಚ್ಚಿದ ನೂರು ಸೊಳ್ಳೆಗಳಲ್ಲಿ ರೋಗ ದಾಟಿಸುವ ಹಂತಕ್ಕೆ ತಲುಪುವುದು 25 ಡಿಗ್ರಿಯಲ್ಲಿ 21, 30 ಡಿಗ್ರಿಯಲ್ಲಿ 50. ಸೊಳ್ಳೆಗಳ ಸಂಖ್ಯೆ ಒಂದೂ ಹೆಚ್ಚಲಿಲ್ಲ, ಅಪಾಯಕಾರಿ ಸೊಳ್ಳೆ ಮಾತ್ರ ಎರಡೂವರೆ ಪಟ್ಟಿನ ಹತ್ತಿರ ಬಂತು. ಇದರ ಮೇಲೆ, ಬಿಸಿಯಲ್ಲಿ ರಕ್ತ ಬೇಗ ಜೀರ್ಣವಾಗುವುದರಿಂದ ಕಚ್ಚುವ ಸರದಿಯೂ ಬೇಗ ಬೇಗ ಬರುತ್ತದೆ.

ಕ್ಯಾಲ್ಕುಲೇಟರ್ ಇಲ್ಲದಾಗ ಒಂದು ಸುಲಭ ದಾರಿ (ಈ ಟಿಪ್ಪಣಿಯಲ್ಲಿ ಒಂದೇ ಒಂದು ಸಾಲು ನೆನಪಿಡುವುದಾದರೆ ಇದೇ ಇರಲಿ): ಉಳಿವು 0.9 ಇದ್ದರೆ ಪ್ರತಿ 6.5 ದಿನಕ್ಕೆ ಸೊಳ್ಳೆಗಳು ಅರ್ಧವಾಗುತ್ತವೆ. 6.5ಕ್ಕೆ ಅರ್ಧ, 13ಕ್ಕೆ ಕಾಲು, 15ಕ್ಕೆ ಹೆಚ್ಚುಕಡಿಮೆ ಐದನೇ ಒಂದು. ಉಳಿವು 0.8 ಆದರೆ ಅರ್ಧವಾಗಲು ಬರೀ ಮೂರು ದಿನ ಸಾಕು.

ಆ 0.8ರಿಂದಲೇ ಮುಂದಿನ ಪ್ರಶ್ನೆ ಬರುತ್ತದೆ: ಬಿಸಿ ಏರುತ್ತಲೇ ಹೋದರೆ ಡೆಂಗಿಯೂ ಏರುತ್ತಲೇ ಹೋಗುತ್ತದೆಯೇ? ಇಲ್ಲ. ಅತಿ ಬಿಸಿಗೆ ಸೊಳ್ಳೆಯೇ ಸಾಯತೊಡಗುತ್ತದೆ. ಉಳಿವು 0.8ಕ್ಕೆ ಇಳಿದರೆ 6.5 ದಿನ ಕಾದು ಉಳಿಯುವುದು ನೂರರಲ್ಲಿ 23, ಅಂದರೆ 25 ಡಿಗ್ರಿಯ ಲೆಕ್ಕಕ್ಕೇ ವಾಪಸ್. ಈಡಿಸ್ ಈಜಿಪ್ಟೈ ಮೂಲಕ ಡೆಂಗಿ ಹರಡಲು ಅತಿ ಅನುಕೂಲವಾದದ್ದು ಸುಮಾರು 29 ಡಿಗ್ರಿ. 34 ದಾಟಿದರೆ ಹರಡುವಿಕೆ ನಿಲ್ಲುವ ಮಟ್ಟಕ್ಕೆ ಬರುತ್ತದೆ. ಫಾಲ್ಸಿಪಾರಂ ಮಲೇರಿಯಾಕ್ಕೆ ಅನುಕೂಲದ ತುದಿ ಇನ್ನೂ ಕೆಳಗೆ, 25ರ ಆಸುಪಾಸು. ಗ್ರಾಫ್ ಬರೆಯಲು ಹೇಳಿದರೆ ಏರುಗೆರೆ ಎಳೆಯಬೇಡಿ, ಗುಡ್ಡದ ಆಕಾರ ಬರೆಯಿರಿ.

ಈಗ ಇದನ್ನು ಕುಮಟೆಯಿಂದ ಶಿರಸಿಗೆ ಹೋಗುವ ದೇವಿಮನೆ ಘಟ್ಟ ಹತ್ತಿಸಿ. ಸಾವಿರ ಮೀಟರಿಗೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಶಿರಸಿ ಇರುವುದು 600 ಮೀಟರ್ ಆಸುಪಾಸಿನಲ್ಲಿ, ಹಾಗಾಗಿ ಕುಮಟೆಗಿಂತ ಅಲ್ಲಿ 4 ಡಿಗ್ರಿಯಷ್ಟು ತಂಪು. ಎರಡೂ ಕಡೆ 2 ಡಿಗ್ರಿ ಏರಿತೆನ್ನಿ. ಕರಾವಳಿಯ ಏಪ್ರಿಲ್–ಮೇ ಆಗಲೇ ಗ್ರಾಫಿನ ಗುಡ್ಡದ ತುದಿಯ ಹತ್ತಿರ ಇದೆ, ಅಲ್ಲಿ ಹೆಚ್ಚುವರಿ ಬಿಸಿಗೆ ದೊಡ್ಡ ಪರಿಣಾಮವಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ಅದೇ ಗ್ರಾಫಿನ ಏರಿನಲ್ಲಿವೆ. ಅಲ್ಲಿ ಅದೇ 2 ಡಿಗ್ರಿಗೆ ಕೆಲಸ ಜಾಸ್ತಿ. ‘ತಂಪಿನ ಊರು, ನಮಗೇನು ಸೊಳ್ಳೆ ಕಾಟ’ ಎನ್ನುವವರಿಗೆ ಈ ಲೆಕ್ಕ ತೋರಿಸಬೇಕು.

ಮಳೆಯ ಕೊಂಡಿ ಚಿಕ್ಕದು. ಮೊಟ್ಟೆಯಿಂದ ಸೊಳ್ಳೆಯಾಗಲು 7ರಿಂದ 10 ದಿನ ನಿಂತ ನೀರು ಬೇಕು. ಎಡೆಬಿಡದೆ ಸುರಿವ ಆಷಾಢದ ಮಳೆ ಮರಿಗಳನ್ನು ಕೊಚ್ಚಿ ಒಯ್ಯುತ್ತದೆ. ಬಿಟ್ಟು ಬಿಟ್ಟು ಬರುವ ಮಳೆ ಸೊಳ್ಳೆಗೆ ಹಬ್ಬ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಕರಟ, ಮನೆಯೆದುರಿನ ಟಾರ್ಪಾಲಿನ ಮಡಿಕೆ ಎಲ್ಲರಿಗೂ ಗೊತ್ತು. ಮರೆಯುವುದು ದೋಣಿಯ ಟೈರ್. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಬೈತಖೋಲ ಬಂದರಿನಂಥ ಕಡೆ ದೋಣಿಗಳು ಕಟ್ಟಿಕೊಂಡು ನಿಲ್ಲುವ ಕಾಲ ಅದು. ಪಕ್ಕಕ್ಕೆ ಡಿಕ್ಕಿ ತಡೆಯಲು ತೂಗುಹಾಕಿದ ಟೈರಿನ ಕೆಳಹೊಟ್ಟೆಯಲ್ಲಿ ಮಳೆನೀರು ನಿಲ್ಲುತ್ತದೆ, ಸಮುದ್ರದ ನೀರಲ್ಲ. ತಳದಲ್ಲಿ ಎರಡು ತೂತು ಕೊರೆದರೆ ಮುಗಿಯಿತು. ಡ್ರಮ್ ಮತ್ತು ತೊಟ್ಟಿಯನ್ನು ಬರೀ ಖಾಲಿ ಮಾಡಿದರೆ ಸಾಲದು: ಮೊಟ್ಟೆ ನೀರಿನಲ್ಲಿಲ್ಲ, ನೀರಿನ ಗೆರೆಯ ಮೇಲೆ ಗೋಡೆಗೆ ಅಂಟಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ವಾರಕ್ಕೊಮ್ಮೆ ಬ್ರಷ್ ಹಾಕಿ ತಿಕ್ಕಬೇಕು.

ಶೆಕೆ

ಬೆವರು ಹರಿದರೆ ಮೈ ತಂಪಾಗದು, ಆರಿದರೆ ಮಾತ್ರ ತಂಪು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 2400 ಕಿಲೋಜೂಲ್ ಶಾಖ ಒಯ್ಯುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದದ್ದು ಲೆಕ್ಕಕ್ಕಿಲ್ಲ. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಬೆವರು ಆರುವುದೆಲ್ಲಿ? ಥರ್ಮಾಮೀಟರಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿ ಬೀಸಿದಾಗ ತೋರುವ ವೆಟ್ ಬಲ್ಬ್ ತಾಪಮಾನವನ್ನು ನೋಡಬೇಕಾದದ್ದು ಇದಕ್ಕೇ. ಕಲಬುರಗಿಯಂಥ ಕಡೆ 40 ಡಿಗ್ರಿ, ಆರ್ದ್ರತೆ ಶೇ. 20 ಇದ್ದರೆ ವೆಟ್ ಬಲ್ಬ್ ಸುಮಾರು 23. ಕಾರವಾರದಲ್ಲಿ 33 ಡಿಗ್ರಿ, ಶೇ. 75 ಇದ್ದರೆ ಸುಮಾರು 29. ಥರ್ಮಾಮೀಟರ್ ಕಡಿಮೆ ತೋರಿಸಿದ ಊರಿನಲ್ಲೇ ಮೈಗೆ ಕಷ್ಟ ಹೆಚ್ಚು. ತಾಳಿಕೊಳ್ಳುವ ಸೈದ್ಧಾಂತಿಕ ಮಿತಿ 35 ಎಂದು ಪುಸ್ತಕದಲ್ಲಿರುತ್ತದೆ. ಆರೋಗ್ಯವಂತ ತರುಣರ ಮೇಲಿನ ಪ್ರಯೋಗಗಳಲ್ಲಿ ತೇವದ ಹವೆಯಲ್ಲಿ 31ರ ಸುತ್ತಲೇ ಮೈಬಿಸಿ ಹಿಡಿತ ತಪ್ಪಿದೆ. 29 ಅದರಿಂದ ದೂರವೇನಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು. ಸಮುದ್ರ ಪಕ್ಕದಲ್ಲೇ ಇರುವಾಗ ತೇವಕ್ಕೆ ಬರವಿಲ್ಲ.

ಭಾರತೀಯ ಹವಾಮಾನ ಇಲಾಖೆ ಕರಾವಳಿಯಲ್ಲಿ ಬಿಸಿಗಾಳಿ ಘೋಷಿಸಲು ಕನಿಷ್ಠ 37 ಡಿಗ್ರಿ ಮತ್ತು ವಾಡಿಕೆಗಿಂತ 4.5 ಡಿಗ್ರಿ ಏರಿಕೆ ನೋಡುತ್ತದೆ. ಹಾಗಾಗಿ ಎಚ್ಚರಿಕೆ ಇಲ್ಲದ ದಿನವೂ ಮೀನು ಇಳಿಸುವವರು, ಗಾರೆ ಕೆಲಸದವರು ಸುಸ್ತಾಗಿ ಬೀಳಬಹುದು. ಮಾತು ತೊದಲಿದರೆ, ಗೊಂದಲಕ್ಕೊಳಗಾದರೆ ಅದು ಸುಸ್ತಲ್ಲ, ಹೀಟ್ ಸ್ಟ್ರೋಕ್. ನೆರಳಿಗೆ ಒಯ್ದು ಮೈಮೇಲೆ ನೀರು ಸುರಿದು ಬೀಸುತ್ತಲೇ ಆಂಬುಲೆನ್ಸ್ ಕರೆಸಬೇಕು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು.

ನೆರೆ ಮತ್ತು ಇಲಿಜ್ವರ

2019 ಮತ್ತು 2021ರಲ್ಲಿ ಗಂಗಾವಳಿ ಉಕ್ಕಿದ್ದು ನೆನಪಿರಬಹುದು. ಇಲಿ, ದನಗಳ ಮೂತ್ರದಲ್ಲಿರುವ, ಇಲಿಜ್ವರ ತರುವ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾ ಕೆಸರಿನಲ್ಲಿ ವಾರಗಟ್ಟಲೆ ಬದುಕಿದ್ದು ಒಡೆದ ಹಿಮ್ಮಡಿಯ ಮೂಲಕ ಒಳಸೇರುತ್ತದೆ. ಜ್ವರ ಬರುವುದು ಸಾಮಾನ್ಯವಾಗಿ 5ರಿಂದ 14 ದಿನಕ್ಕೆ, ಅಂದರೆ ಕಾಳಜಿ ಕೇಂದ್ರ ಮುಚ್ಚಿ, ಜನ ಮನೆಗೆ ಮರಳಿ ಕೆಸರು ಬಳಿಯುವ ಹೊತ್ತಿಗೆ. ಮೀನಖಂಡದ ನೋವು, ಕೆಂಪು ಕಣ್ಣು ಇದ್ದರೆ ‘ನೆರೆನೀರಿಗೆ ಇಳಿದಿದ್ದೆ’ ಎಂದು ವೈದ್ಯರಿಗೆ ಹೇಳಲೇಬೇಕು.

ಮಂಗನ ಕಾಯಿಲೆ: ಇಲ್ಲಿ ಅವಸರ ಬೇಡ

1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗ ಸಿದ್ದಾಪುರ ಭಾಗಕ್ಕೆ ಹೊಸದಲ್ಲ. ಇದನ್ನು ಹರಡುವ ಎಳೆಯ ಉಣ್ಣೆಗಳು ನವೆಂಬರಿನಿಂದ ಮೇವರೆಗೆ ಚುರುಕು, ಜನ ಸೊಪ್ಪಿನ ಬೆಟ್ಟಕ್ಕೆ ಒಣ ಎಲೆ ಗುಡಿಸಲು ಹೋಗುವುದೂ ಆಗಲೇ. ಮಳೆ ಹಿಂದೆಮುಂದಾದರೆ ಉಣ್ಣೆಯ ಕಾಲವೂ ಸರಿಯಬಹುದು. ಆದರೆ ಕಾಡು ತುಂಡಾಗುವುದು, ಕಾಡಂಚಿನ ಕೃಷಿ, ಮಂಗಗಳ ಸಾವು ಇವೆಲ್ಲ ಸೇರಿವೆ. ಉತ್ತರದಲ್ಲಿ ಹವಾಮಾನವನ್ನು ಒಂದು ಕಾರಣ ಎಂದು ಬರೆಯಿರಿ, ಒಂದೇ ಕಾರಣ ಎಂದು ಬೇಡ.

ಬಾವಿಯ ಉಪ್ಪು

ಸಮುದ್ರಮಟ್ಟ ಏರಿದಂತೆ ಅಘನಾಶಿನಿ, ಕಾಳಿ ಅಳಿವೆಗಳ ಬದಿಯ ಬಾವಿಗಳಿಗೆ ಉಪ್ಪು ನುಗ್ಗುವ ಸಾಧ್ಯತೆ ಹೆಚ್ಚು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಕ್ಲೋರೈಡ್ ಲೀಟರಿಗೆ 250 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1000 ಮಿ.ಗ್ರಾಂವರೆಗೂ ಸೈ. ಆ 1000ವನ್ನು ಲೆಕ್ಕ ಹಾಕಿ ನೋಡಿ. ಸಮುದ್ರದ ನೀರಿನಲ್ಲಿ ಒಂದು ಗ್ರಾಂ ಕ್ಲೋರೈಡಿಗೆ ಸುಮಾರು 0.56 ಗ್ರಾಂ ಸೋಡಿಯಂ. ಬೇಸಿಗೆಯಲ್ಲಿ 3 ಲೀಟರ್ ಕುಡಿದರೆ 1.7 ಗ್ರಾಂ ಸೋಡಿಯಂ ನೀರಿನಿಂದಲೇ ಒಳಹೋಯಿತು. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವ ಮಿತಿ 2 ಗ್ರಾಂ. ಒಣಮೀನು, ಉಪ್ಪಿನಕಾಯಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ರಕ್ತದೊತ್ತಡದವರು ಮತ್ತು ಗರ್ಭಿಣಿಯರಿಗೆ ಇದು ನೇರ ಹೊಡೆತ. ಕುದಿಸಿದರೆ ಉಪ್ಪು ಹೋಗದು, ನೀರು ಇಂಗಿ ಇನ್ನಷ್ಟು ದಪ್ಪಗಾಗುತ್ತದೆ. ಪರೀಕ್ಷೆಗೆ ನೀರು ಕೊಡುವುದಾದರೆ ಸಿಹಿನೀರು ತೀರಾ ತಗ್ಗಿರುವ ಏಪ್ರಿಲ್–ಮೇನಲ್ಲಿ ಕೊಡಿ; ಆಗಸ್ಟಿನಲ್ಲಿ ಎಲ್ಲ ಬಾವಿಯೂ ಪಾಸಾಗುತ್ತವೆ.