ಕುರಿ ಮೇಯಿಸಿದ ಕಾಡಿಗೆ ‘ಎ’ ಅಲ್ಲ, ‘ಬಿ’

ಶಿರಾ, ಚಿಕ್ಕನಾಯಕನಹಳ್ಳಿ ಕಡೆಯ ಗೊಲ್ಲರಹಟ್ಟಿಗಳ (ಕುರಿ ಸಾಕುವ ಕಾಡುಗೊಲ್ಲರ ಊರುಗಳ) ಅರಣ್ಯ ಹಕ್ಕು ಅರ್ಜಿಗಳಲ್ಲಿ ತಪ್ಪದೇ ಸಿಗುವ ತಪ್ಪೊಂದಿದೆ. ಅಜ್ಜ ಮುತ್ತಜ್ಜಂದಿರು ಕುರಿ ಮೇಯಿಸಿದ ಕಾಡಿಗೆ ನಮೂನೆ ‘ಎ’ ತುಂಬಿ, ‘ನಾಲ್ಕು ಎಕರೆ ಸಾಗುವಳಿ’ ಎಂದು ಬರೆದಿರುತ್ತಾರೆ. ‘ಎ’ ಇರುವುದು ಮನೆಗೆ, ಉಳುಮೆಗೆ. 2005ರ ಡಿಸೆಂಬರ್ 13ಕ್ಕೆ ಮೊದಲು ಆ ನೆಲ ನೇಗಿಲು ಕಂಡಿರಲಿಲ್ಲ ಎಂದು ಸ್ಥಳ ಪರಿಶೀಲನೆಯಲ್ಲಿ ತಿಳಿದರೆ ಅರ್ಜಿ ವಜಾ. ಕುರಿ ಮೇದದ್ದು ಸತ್ಯವೇ, ಆದರೆ ಅದನ್ನು ಯಾರೂ ಕೇಳಿರುವುದೇ ಇಲ್ಲ!

ಮೇವು, ನೀರಿನ ಕಟ್ಟೆ, ಹಂಗಾಮಿಗೆ ಮಂದೆ ಹೊಡೆದುಕೊಂಡು ಹೋಗಿ ಮೇಯಿಸುವುದು ಎಲ್ಲಕ್ಕೂ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಜಾಗವಿದೆ. ಅದಕ್ಕೆ ನಮೂನೆ ‘ಬಿ’. ಅದನ್ನು ಗ್ರಾಮಸಭೆಯ ಪರವಾಗಿ ಅರಣ್ಯ ಹಕ್ಕು ಸಮಿತಿ ತುಂಬುತ್ತದೆ. ‘ಅದ್ರಲ್ಲಿ ನನ್ನ ಹೆಸ್ರಿಗೆ ಏನ್ ಬರ್ತೈತೆ ಸ್ವಾಮಿ?’ ಏನೂ ಬರುವುದಿಲ್ಲ. ಆದರೆ ‘ಎ’ನಲ್ಲಿ ಸಿಕ್ಕ ನೆಲವನ್ನೂ ಮಾರುವಂತಿಲ್ಲ, ಮಕ್ಕಳಿಗೆ ಹೋಗುತ್ತದೆ ಅಷ್ಟೆ.

ಮೊದಲು ಪಹಣಿ ನೋಡಿ. ಕಂದಾಯ ಇಲಾಖೆಯ ಗೋಮಾಳವಾದರೆ ಈ ಕಾಯ್ದೆ ಸಾಮಾನ್ಯವಾಗಿ ಅನ್ವಯಿಸದು. ಬುಕ್ಕಾಪಟ್ಟಣದಂತೆ ವನ್ಯಧಾಮವಾದ ಕಾಡಿಗೆ ಅನ್ವಯಿಸುತ್ತದೆ.

ಕಾಡುಗೊಲ್ಲರು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲದ ಕಾರಣ ಮೂರು ತಲೆಮಾರು, ಅಂದರೆ 75 ವರ್ಷದ ನೆಲೆ ತೋರಿಸಬೇಕು. 2005ರಿಂದ ಹಿಂದಕ್ಕೆ ಎಣಿಸಿದರೆ ಲೆಕ್ಕ 1930ಕ್ಕೆ ಹೋಗುತ್ತದೆ. ಪರಿಶಿಷ್ಟ ಪಂಗಡಕ್ಕೆ ಸೇರಿದ ಪಾವಗಡದ ನಾಯಕ ಸಮುದಾಯದವರಿಗೆ ಈ 75ರ ಗೋಜಿಲ್ಲ. ಆದರೂ ಕಾಡನ್ನೇ ನೆಚ್ಚಿ ಬದುಕಿದವರೆಂದು ತೋರಬೇಕು. 1930 ಎಂದೊಡನೆ ಹೆದರಿ ಕಾಗದ ಹುಡುಕಿ ಅಲೆಯುತ್ತಾರೆ. ಕಾಗದವೇ ಬೇಕೆಂದಿಲ್ಲ. ಕನಿಷ್ಠ ಎರಡು ಸಾಕ್ಷ್ಯ ಸಾಕು: ಹಳೆಯ ಬಾವಿ, ಸ್ಮಶಾನ, ಜುಂಜಪ್ಪನ ಗುಡಿ, ದೇವರ ಮರ, ಗೆಜೆಟಿಯರ್, ವಂಶವೃಕ್ಷ, ಹಿರಿಯರ ಲಿಖಿತ ಹೇಳಿಕೆ, ಇವುಗಳಲ್ಲಿ ಯಾವುದಾದರೂ.

ಹೇಳಿಕೆ ಕೊಡುವ ಹಿರಿಯರು ಅರ್ಜಿದಾರರಾಗಿರಬಾರದು. ‘ಬಿ’ಯಲ್ಲಿ ಹಟ್ಟಿಗೆ ಹಟ್ಟಿಯೇ ಅರ್ಜಿದಾರ; ಹಾಗಾಗಿ ಪಕ್ಕದೂರಿನವರಿಂದ ಬರೆಸಿಕೊಳ್ಳುವುದು ಕ್ಷೇಮ. ‘ಅನಾದಿ ಕಾಲದಿಂದ ಮೇಯಿಸುತ್ತಿದ್ದಾರೆ’ ಎಂಬ ಒಂದು ಸಾಲಿನಿಂದ ಏನೂ ಸಾಬೀತಾಗುವುದಿಲ್ಲ. ಯಾವ ಗುಡ್ಡ, ಯಾವ ತಿಂಗಳು, ಎಲ್ಲಿ ಕುರಿ ಕೂಡಿಹಾಕುವ ರೊಪ್ಪ, ಯಾವ ಹಳ್ಳದಲ್ಲಿ ನೀರು ಎಂದು ಬರೆಸಿ. ನಕ್ಷೆಯಲ್ಲೂ ಅವೇ ಹೆಸರುಗಳಿರಲಿ.

ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ಪಡೆಯಿರಿ. ಮೇಲ್ಮನವಿಗೆ 60 ದಿನ ಮಾತ್ರ.

ಗ್ರಾಮಸಭೆಯ ಕೋರಂ (ಕನಿಷ್ಠ ಹಾಜರಾತಿ) ವಿಷಯದಲ್ಲೂ ಎಡವುತ್ತಾರೆ. ಸಭೆ ಊರಿನ ಮಟ್ಟದಲ್ಲೇ ಆಗಬೇಕು, ಸದಸ್ಯರಲ್ಲಿ ಅರ್ಧದಷ್ಟು ಜನ ಹಾಜರಿರಬೇಕು, ಹಾಜರಾದವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಅವರು ಬಂದಿರುತ್ತಾರೆ, ನಡಾವಳಿ ಬರೆಯುವ ಹೊತ್ತಿಗೆ ಕುರಿ ಕೂಡಿಹಾಕಲು ಹೋಗಿರುತ್ತಾರೆ. ಸಭೆ ಶುರುವಾಗುವಾಗಲೇ ಸಹಿ ಹಾಕಿಸಿಕೊಳ್ಳಿ.